ಮೂವತ್ತೈದು ನಿಮಿಷದ ದಾರಿ

"ನಿಮ್ಮಿಬ್ಬರ ನಿಲ್ದಾಣಗಳ ಮಧ್ಯೆ ಎಷ್ಟು ದೂರ ಇದೆ?" ಎಂದು ತರಬೇತಿಯ ಮೇಷ್ಟ್ರು ಕೇಳಿದಾಗ ಇಬ್ಬರೂ ಒಟ್ಟಿಗೇ ಬಾಯಿ ತೆರೆದರು.

"ಮೂವತ್ತೈದು ನಿಮಿಷ," ಎಂದಳು ಅವಳು.

"ಒಂಬತ್ತು ಗಂಟೆ," ಎಂದ ಅವನು.

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, "ನಾನು ಕೇಳಿದ್ದು ಕಿಲೋಮೀಟರು," ಎಂದರು. ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಒಂದೇ ವಿಮಾನ ಕಂಪನಿಯ ಎರಡು ಸಣ್ಣ ನಿಲ್ದಾಣಗಳು. ಬಯಲಿನದ್ದು ಅವಳದು, ಬೆಟ್ಟದ ಮೇಲಿನದ್ದು ಅವನದು. ದಿನಕ್ಕೊಂದು ಸಲ ಒಂದು ಪುಟ್ಟ ವಿಮಾನ ರೆಕ್ಕೆಯ ಮೇಲಿನ ಎರಡು ಫ್ಯಾನು ಗರಗರ ತಿರುಗಿಸಿಕೊಂಡು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಅಲ್ಲಿ ಇಪ್ಪತ್ತು ನಿಮಿಷ ದಣಿವಾರಿಸಿಕೊಳ್ಳುತ್ತದೆ, ಮತ್ತೆ ಇಲ್ಲಿಗೆ ಬರುತ್ತದೆ. ಇಲ್ಲಿ ಹತ್ತಿಸುವವಳು ಅವಳು, ಅಲ್ಲಿ ಇಳಿಸುವವನು ಅವನು. ಅಲ್ಲಿಯವರೆಗೆ ಫೋನಿನಲ್ಲಿ ದನಿ ಕೇಳಿ ಗೊತ್ತಿದ್ದವರು ಮುಖ ನೋಡಿಕೊಂಡದ್ದು ಆವತ್ತೇ.

"ಅಲ್ರೀ, ವಿಮಾನದ ಅನ್ನ ತಿಂದುಕೊಂಡು ಬಸ್ಸಿನ ಟೈಮ್ ಹೇಳ್ತೀರಲ್ಲ, ನಾಚಿಕೆ ಆಗಲ್ವಾ?" ಎಂದು ಅವಳು ಕಾಫಿ ಬಿಡುವಿನಲ್ಲಿ ಕೆಣಕಿದಳು.

"ವಿಮಾನ ದಿನಕ್ಕೊಂದೇ ಸಲ ಮೇಡಂ. ಮಿಕ್ಕ ಹೊತ್ತಲ್ಲಿ ಯಾರಾದ್ರೂ ನೆನಪಾದ್ರೆ ರಸ್ತೆನೇ ಗತಿ."

'ಯಾರಾದ್ರೂ' ಎನ್ನುವಾಗ ಅವನು ಅವಳನ್ನು ನೋಡಲಿಲ್ಲ. ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನೇ ನೋಡುತ್ತಿದ್ದ. ಆದರೆ ಕಿವಿ ಕೆಂಪಗಾಗಿತ್ತು. ಗಂಡಸರ ಕಿವಿ ಅವರ ಮಾತು ಕೇಳುವುದಿಲ್ಲ ಎಂಬುದು ಅವಳಿಗೆ ಆವತ್ತು ಗೊತ್ತಾಯಿತು.

ಅವಳ ಊರಲ್ಲೇ ನಡೆದ ಎರಡು ದಿನದ ತರಬೇತಿ ಮುಗಿದು ಅವನು ಬೆಟ್ಟ ಹತ್ತಿದ, ಅವಳು ಕೌಂಟರಿಗೆ ಮರಳಿದಳು. ಅದಾಗಿ ಎರಡು ವರ್ಷ. ಮತ್ತೆ ಒಬ್ಬರ ಮುಖ ಒಬ್ಬರು ನೋಡಿಲ್ಲ. ಮಾತು ಮಾತ್ರ ಒಂದು ದಿನವೂ ನಿಂತಿಲ್ಲ.

ಕಂಪನಿಯ ನಿಯಮದ ಪ್ರಕಾರ ವಿಮಾನ ಹೊರಟ ಮೇಲೆ ಅವಳು ಫೋನ್ ಮಾಡಿ ಎಷ್ಟು ಜನ, ಎಷ್ಟು ಸಾಮಾನು ಎಂದು ಹೇಳಬೇಕು. ಇಳಿದ ಮೇಲೆ ಅವನು ಫೋನ್ ಮಾಡಿ ಬಂದು ಸೇರಿತು ಎನ್ನಬೇಕು. ನಿಯಮಕ್ಕೆ ಬೇಕಾದದ್ದು ಅಷ್ಟೇ. ಇವರಿಗೆ ಅಷ್ಟು ಸಾಲದು.

"ನಲವತ್ತೆರಡು ಜನ, ಒಂದು ಗಾಲಿಕುರ್ಚಿ. ಕೊನೇ ಸಾಲಲ್ಲಿ ಒಬ್ಬ ಯಜಮಾನರು ಹೆಂಡತಿ ಜೊತೆ ಜಗಳ ಆಡ್ಕೊಂಡು ಹತ್ತಿದ್ದಾರೆ. ಇಳಿಯೋವಾಗ ರಾಜಿ ಆಗಿರ್ತಾರಾ ನೋಡಿ ಹೇಳಿ, ಬೆಟ್ಟದ ಸಾಹೇಬರೇ."

ಮುಕ್ಕಾಲು ಗಂಟೆ ಕಳೆದು ಉತ್ತರ ಬರುತ್ತಿತ್ತು. "ಇಲ್ಲ ಮೇಡಂ. ಒಂದೇ ಬ್ಯಾಗಿನ ಎರಡು ಹಿಡಿ ಇಬ್ಬರೂ ಹಿಡ್ಕೊಂಡು ಎಳೀತಾ ಇದ್ರು."

"ಅಯ್ಯೋ. ಮತ್ತೆ?"

"ಮತ್ತೇನಿಲ್ಲ. ಇವತ್ತೂ ಅವರು ಬರಲಿಲ್ಲ."

"ಯಾರು?"

"ಯಾರೋ ಒಬ್ಬರು. ದಿನಾ ಬಾಗಿಲಲ್ಲಿ ನಿಂತು ಕಾಯ್ತೀನಿ. ಬರೀ ಬೇರೆಯವರೇ ಇಳೀತಾರೆ."

ಅವಳು ಉಸಿರು ಒಳಗೆ ಎಳೆದುಕೊಂಡು ನಗುತ್ತಿದ್ದಳು. "ಕೆಲಸ ನೋಡ್ಕೊಳ್ರೀ," ಎಂದು ಫೋನಿಟ್ಟು, ಇಟ್ಟ ಮೇಲೂ ಅದರ ಮೇಲಿಂದ ಕೈ ತೆಗೆಯುತ್ತಿರಲಿಲ್ಲ.

ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸೀಟು ಖಾಲಿ ಇದ್ದರೆ ನೌಕರರು ಬಿಟ್ಟಿಯಾಗಿ ಕೂತು ಹೋಗಬಹುದು, ಅದೇ ವಿಮಾನದಲ್ಲಿ ವಾಪಸ್ ಬರಬಹುದು. ಊಟ ಮುಗಿಸಿ ಹೊರಟರೆ ಸಂಜೆ ಕಾಫಿಯ ಹೊತ್ತಿಗೆ ಮನೆ. ಯಾರಿಗೂ ತಿಳಿಯಬೇಕಾಗಿಯೂ ಇಲ್ಲ. ಅಡ್ಡಿ ಇದ್ದದ್ದು ಅಮ್ಮ.

ಅಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು, ಒಂದು ದಿನ ಜಗಳವಾಡಿ ಬಾಗಿಲು ದಡಾರನೆ ಹಾಕಿಕೊಂಡು ಹೊರಡಬಹುದಿತ್ತು. ಅಪ್ಪ ಎರಡು ದಿನದ ಕೆಲಸವೆಂದು ಬೇರೆ ಊರಿಗೆ ಹೋಗಿದ್ದರು. ಅಲ್ಲಿನ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅವರಲ್ಲ, ಅವರ ದೇಹ. ಅಕ್ಕ ಮದುವೆಯಾಗಿ ಸಮುದ್ರದಾಚೆ ಹೋದಳು, ಈಗ ವಾರಕ್ಕೊಮ್ಮೆ ಫೋನಿನ ಪರದೆಯಲ್ಲಿ ಮುಖ ತೋರಿಸುತ್ತಾಳೆ. ಹೊಸ್ತಿಲು ದಾಟಿದವರು ದಾಟಿದವರೇ ಎಂಬುದು ಅಮ್ಮನ ಲೆಕ್ಕ. ಉಳಿದವಳು ಕಿರಿಯವಳು. ಅವಳು ಎಲ್ಲಿಗಾದರೂ ಹೊರಡುತ್ತೇನೆ ಎಂದರೆ ಸಾಕು, ಅಮ್ಮನಿಗೆ ಎದೆ ಹಿಡಿದುಕೊಳ್ಳುತ್ತಿತ್ತು. ಡಾಕ್ಟರು ಮೂರು ಸಲ ಎಲ್ಲ ಪರೀಕ್ಷೆ ಮಾಡಿ, "ನಿಮ್ಮ ಹೃದಯ ನನ್ನದಕ್ಕಿಂತ ಗಟ್ಟಿ ಇದೆ," ಎಂದಿದ್ದರು. ಆದರೆ ನೋವು ಸುಳ್ಳಲ್ಲ. ಅಮ್ಮನ ಹಣೆಯಲ್ಲಿ ಬೆವರು ನಿಜವಾಗಿಯೂ ಮೂಡುತ್ತಿತ್ತು, ಕೈ ನಿಜವಾಗಿಯೂ ತಣ್ಣಗಾಗುತ್ತಿತ್ತು.

ಒಮ್ಮೆ ಹೊರಟಿದ್ದಳು, ಎದೆ ನೋವು ಬಂತು. ಇನ್ನೊಮ್ಮೆ ಹೊರಟಿದ್ದಳು, ಅಮ್ಮ ಬಚ್ಚಲಲ್ಲಿ ಜಾರಿದಳು. ಮೂರನೆಯ ಸಲ ಅಮ್ಮನಿಗೆ ಏನೂ ಆಗಲಿಲ್ಲ, ಇವಳೇ ಹೋಗಲಿಲ್ಲ. ಖಾಲಿ ಸೀಟಿತ್ತು, ರಜೆಯಿತ್ತು, ತಲೆ ಬಾಚಿ ಆಗಿತ್ತು. ಕೌಂಟರಿನ ಹಿಂದೆ ನಿಂತು ವಿಮಾನ ಹೋಗುವುದನ್ನು ನೋಡಿದಳು. ಕಟ್ಟಿ ಹಾಕಿದ ಹಗ್ಗ ಬಿಚ್ಚಿದರೂ ಗೂಟದ ಸುತ್ತಲೇ ಮೇಯುವ ಆಕಳಿನ ಪಾಡು. ಆವತ್ತು ಅವಳಿಗೆ ತನ್ನ ಮೇಲೆಯೇ ಭಯವಾಯಿತು.

"ನಾನೇ ಬರ್ತೀನಿ ಬಿಡಿ," ಎಂದು ಅವನು ಎಷ್ಟು ಸಲ ಹೇಳಿಲ್ಲ. ಬಸ್ಸಿನಲ್ಲಿ, ಒಂಬತ್ತು ಗಂಟೆ ಬೆಟ್ಟ ಸುತ್ತಿಕೊಂಡು.

"ಬೇಡ. ಅಮ್ಮನಿಗೆ ಗೊತ್ತಾದ್ರೆ ಕಷ್ಟ."

"ಯಾವಾಗ ಗೊತ್ತಾಗೋದು ಮತ್ತೆ?"

ಅವಳು ಮಾತು ತಿರುಗಿಸಿ, "ನಲವತ್ತು ಜನ, ಒಂದು ಮಗು," ಎನ್ನುತ್ತಿದ್ದಳು.

ಹೀಗೇ ಇರಬಹುದಿತ್ತು, ಎಷ್ಟು ವರ್ಷವಾದರೂ. ಆದರೆ ಕಂಪನಿಗೆ ಇವರ ಕಥೆ ಯಾರು ಹೇಳಬೇಕು? ಬೆಟ್ಟದ ಹಾದಿಯಲ್ಲಿ ಲಾಭವಿಲ್ಲ, ತಿಂಗಳ ಕೊನೆಗೆ ಆ ವಿಮಾನ ನಿಲ್ಲುತ್ತದೆ ಎಂದು ಆದೇಶ ಬಂತು. ಬೆಟ್ಟದ ನಿಲ್ದಾಣಕ್ಕೆ ಬೀಗ. ಅವನಿಗೆ ಎರಡು ಜಾಗ ತೋರಿಸಿದ್ದರು. ಒಂದು, ಎರಡು ದಿನ ರೈಲಿನಲ್ಲಿ ಕೂರಬೇಕಾದಷ್ಟು ದೂರದ ದೊಡ್ಡ ನಗರ. ಇನ್ನೊಂದು, ಇವಳ ನಿಲ್ದಾಣ. ಇಲ್ಲಿ ಬೇರೆ ಎರಡು ವಿಮಾನಗಳು ಇನ್ನೂ ಬರುತ್ತಿದ್ದವು, ಕೌಂಟರಿಗೆ ಒಬ್ಬರು ಬೇಕಾಗಿತ್ತು.

ಆ ದಿನದ ಫೋನಿನಲ್ಲಿ ತಮಾಷೆ ಇರಲಿಲ್ಲ.

"ಯಾವ ಊರು ಅಂತ ಸೋಮವಾರದೊಳಗೆ ಹೇಳಬೇಕು," ಎಂದ.

"ಹೇಳಿ ಮತ್ತೆ. ನಿಮ್ಮಿಷ್ಟ."

"ನನ್ನಿಷ್ಟ ಎರಡು ವರ್ಷದಿಂದ ಹೇಳ್ತಾನೇ ಇದ್ದೀನಿ. ನೀವು ನಗ್ತೀರಿ. ನಿಮ್ಮ ನಗು ನನಗೆ ಬಹಳ ಇಷ್ಟ, ಆದರೆ ಅದನ್ನ ನಂಬ್ಕೊಂಡು ಸಾಮಾನು ಕಟ್ಟೋಕಾಗಲ್ಲ. ದಿನಾ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತು, ನೀವು ಅಮ್ಮನಿಗೆ ಹೆದರ್ಕೊಂಡು ನನ್ನನ್ನ ಗುರುತೇ ಇಲ್ಲದವರ ಹಾಗೆ ನೋಡಿದ್ರೆ ನನ್ನ ಕೈಲಿ ತಡ್ಕೊಳೋಕಾಗಲ್ಲ."

ಅವಳು ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಶನಿವಾರ, ಕೊನೇ ದಿನದ ವಿಮಾನದಲ್ಲಿ ಬನ್ನಿ. ಇಪ್ಪತ್ತು ನಿಮಿಷ ಇರುತ್ತೆ. ನನ್ನ ಮುಖ ನೋಡಿಕೊಂಡು 'ಬಾ' ಅಂದ್ರೆ ಬರ್ತೀನಿ. 'ಬೇಡ' ಅಂದ್ರೂ ಕೇಳ್ತೀನಿ. ಬರದೇ ಇದ್ರೆ ಅದೂ ಉತ್ತರಾನೇ."

ಕೊನೆಯ ದಿನ ಬೆಳಗ್ಗೆ ಅವಳು ಎಂದಿನಂತೆ ಸಮವಸ್ತ್ರ ಹಾಕಿಕೊಂಡು, ಎಂದಿನಂತೆ "ಬರ್ತೀನಮ್ಮ" ಎಂದಳು. ಚೀಲದಲ್ಲಿ ಒಂದು ನೀಲಿ ರವಿಕೆ, ಒಂದು ಸೀರೆ ಮಡಿಸಿಟ್ಟಿದ್ದಳು. ನಿಲ್ದಾಣದ ಶೌಚಾಲಯದಲ್ಲಿ, ಒದ್ದೆ ನೆಲಕ್ಕೆ ಸೆರಗು ತಾಗದಂತೆ ಒಂದು ಕಾಲಲ್ಲಿ ನಿಂತು ಸೀರೆ ಉಟ್ಟಳು.

ಕೌಂಟರಿನಲ್ಲಿ ಅವಳ ಜಾಗಕ್ಕೆ ಮೈಕ್ ಮಾವ ಕೂತರು. ಪ್ರಕಟಣೆ ಕೂಗುವುದು ಅವರ ಕೆಲಸ. ಮೂವತ್ತು ವರ್ಷ ಕೂಗಿ ಕೂಗಿ ಮನೆಯಲ್ಲಿ ಉಪ್ಪು ಕೇಳುವುದನ್ನೂ "ದಯವಿಟ್ಟು ಗಮನಿಸಿ" ಎಂಬ ದನಿಯಲ್ಲೇ ಕೇಳುತ್ತಾರೆಂದು ಅವರ ಹೆಂಡತಿಯ ದೂರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದನ್ನು ಅವಳು ಅವಸರದಲ್ಲಿ ಮರೆತಳು.

"ಅಮ್ಮ ಫೋನ್ ಮಾಡಿದ್ರೆ ಒಳಗೆ ಬಿಜಿ ಇದ್ದೀನಿ ಅನ್ನಿ ಮಾವ."

"ಹೋಗಿ ಬಾ ತಾಯಿ, ಧೈರ್ಯವಾಗಿ ಹೋಗು," ಎಂದರು ಮಾವ. ಅದು ಇಡೀ ಹಾಲಿಗೆ ಕೇಳಿಸಿತು.

ಕಿಟಕಿಯ ಪಕ್ಕದ ಸೀಟು. ಪಕ್ಕದಲ್ಲಿ ಹಲ್ಲಿನ ಡಾಕ್ಟರೊಬ್ಬರು, ವಾರಕ್ಕೊಮ್ಮೆ ಬೆಟ್ಟದ ಊರಿಗೆ ಹೋಗಿ ಹಲ್ಲು ಕಿತ್ತು ಬರುವವರು. ಅವಳು ಬೆಲ್ಟಿನ ಕೊಂಡಿ ಹುಡುಕುತ್ತಿದ್ದುದನ್ನು ನೋಡಿ, "ಮೊದಲನೇ ಸಲಾನಾ?" ಎಂದರು.

"ಆರು ವರ್ಷದಿಂದ ಈ ವಿಮಾನ ಕಳಿಸ್ತಾ ಇದ್ದೀನಿ ಡಾಕ್ಟ್ರೇ. ಕೂತದ್ದು ಮಾತ್ರ ಇವತ್ತೇ."

ನೆಲ ಕೆಳಗೆ ಸರಿಯಿತು. ಮನೆಯ ಕಡೆಯ ಬೀದಿಗಳು, ನೀರಿನ ಟ್ಯಾಂಕು, ಒಣಗಲು ಹಾಕಿದ ಬಟ್ಟೆಗಳು ಕಂಡವು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ವರ್ಷ ಹೇಗೆ ಹಿಡಿಸಿದೆ ಎಂದುಕೊಂಡಳು. ಆಮೇಲೆ ಕಾಡು, ಕಾಡಿನ ನಡುವೆ ಹಾವಿನಂತೆ ಸುತ್ತುವ ರಸ್ತೆ. ಒಂಬತ್ತು ಗಂಟೆ ಯಾಕಾಗುತ್ತದೆಂದು ಈಗ ಕಣ್ಣಿಗೇ ಕಾಣುತ್ತಿತ್ತು. ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಆಡಿ ನೋಡಿದಳು. 'ಬನ್ನಿ.' ಎರಡೇ ಅಕ್ಷರ.

ಇನ್ನೇನು ಇಳಿಯಬೇಕು ಎನ್ನುವಾಗ ಕಿಟಕಿ ಬೆಳ್ಳಗಾಯಿತು.

ವಿಮಾನ ಇಳಿಯುತ್ತಿದ್ದುದು ತಟ್ಟನೆ ಮೂತಿ ಎತ್ತಿ ಮೇಲೇರಿತು. ಯಾರೋ ಹಿಂದೆ "ಅಮ್ಮಾ" ಎಂದರು. ಕ್ಯಾಪ್ಟನ್ ಹೆಂಗಸು, ದನಿಯಲ್ಲಿ ಗಾಬರಿ ಇರಲಿಲ್ಲ. "ಬೆಟ್ಟದ ಮೇಲೆ ಮೋಡ ಕೂತಿದೆ. ರನ್‌ವೇ ಕಾಣ್ತಾ ಇಲ್ಲ. ಸ್ವಲ್ಪ ಹೊತ್ತು ಸುತ್ತು ಹಾಕಿ ನೋಡೋಣ. ಯಾರೂ ಬೆಲ್ಟ್ ಬಿಚ್ಚಬೇಡಿ."

ಸುತ್ತು ಹಾಕತೊಡಗಿದರು. ಎಡಕ್ಕೆ ವಾಲುವುದು, ನೇರವಾಗುವುದು, ಮತ್ತೆ ಎಡಕ್ಕೆ ವಾಲುವುದು. ಕಿಟಕಿಯಲ್ಲಿ ಹತ್ತಿ ತುರುಕಿದಂತೆ ಬಿಳಿ, ಬರೀ ಬಿಳಿ. ಬೆಲ್ಟು ಹೊಟ್ಟೆಯನ್ನು ಅಮುಕುತ್ತಿತ್ತು. ಮುಂದಿನ ಸೀಟಿನ ಬೆನ್ನು ಮೊಣಕಾಲಿಗೆ ತಾಗುತ್ತಿತ್ತು. ಪಕ್ಕಕ್ಕೆ ಸರಿಯೋಣವೆಂದರೆ ಡಾಕ್ಟರ ಮೊಣಕೈ. ಏಳುವಂತಿಲ್ಲ, ಫೋನು ಮಾಡುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಅವನು ಈ ಬಿಳಿಯ ಕೆಳಗೇ ಇದ್ದಾನೆ. ಒಂದು ಹಗ್ಗ ಇಳಿಬಿಟ್ಟರೆ ಅವನ ಕೈಗೆ ಸಿಗಬಹುದೇನೋ. ಇಷ್ಟು ಹತ್ತಿರ ಅವಳು ಎರಡು ವರ್ಷದಲ್ಲಿ ಬಂದಿರಲಿಲ್ಲ.

ಎರಡನೆಯ ಸಲ ಇಳಿಯಲು ನೋಡಿದರು. ಮತ್ತೆ ಮೂತಿ ಎತ್ತಿತು. ಡಾಕ್ಟರು ಕಣ್ಣು ಮುಚ್ಚಿ ಕೂತಿದ್ದರು.

ಅವಳಿಗೆ ಸಾಯುವ ಭಯವಾಗಲಿಲ್ಲ. ಇದಕ್ಕೆ ಅವಳೇ ಆಶ್ಚರ್ಯಪಟ್ಟಳು. ಭಯವಾದದ್ದು ಬೇರೆಯದಕ್ಕೆ. ವಾಪಸ್ ಹೋಗುತ್ತೇವೆ ಎಂದು ಕ್ಯಾಪ್ಟನ್ ಹೇಳಿಬಿಟ್ಟರೆ? ತಾನು ಬಂದಿದ್ದೆ ಎಂಬುದು ಅವನಿಗೆ ಸಾಕಾದೀತೇ? ಅದಕ್ಕಿಂತ ಹೆಚ್ಚಿನ ನಾಚಿಕೆಯ ಸಂಗತಿ ಎಂದರೆ, ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ಸಣ್ಣ ದನಿ, 'ಒಳ್ಳೇದೇ ಆಯ್ತು, ನಿನ್ನ ತಪ್ಪಲ್ಲ, ಮೋಡದ ತಪ್ಪು' ಎನ್ನುತ್ತಿತ್ತು. ಆ ದನಿ ಅವಳಿಗೆ ಚೆನ್ನಾಗಿ ಪರಿಚಯ. ಇಷ್ಟು ವರ್ಷ ಅದು ಅಮ್ಮನ ಎದೆ ನೋವಿನ ಹಿಂದೆ ಬಚ್ಚಿಟ್ಟುಕೊಂಡಿತ್ತು. ಈಗ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲದೆ ಸಿಕ್ಕಿಬಿದ್ದಿತ್ತು. ಅವಳಿಗೆ ಅದರ ಕೆನ್ನೆಗೆ ಬಾರಿಸಬೇಕೆನಿಸಿತು.

"ಪ್ರಯಾಣಿಕರೇ, ಕ್ಷಮಿಸಿ," ಎಂದರು ಕ್ಯಾಪ್ಟನ್. "ಇಂಧನ ನೋಡ್ಕೋಬೇಕು. ವಾಪಸ್ ಹೋಗ್ತಾ ಇದ್ದೀವಿ."

ಅವಳು ಅತ್ತಳು. ಸದ್ದಿಲ್ಲದೆ, ಕಿಟಕಿಗೆ ಹಣೆ ಒತ್ತಿಕೊಂಡು. ಡಾಕ್ಟರು ಕಣ್ಣು ತೆರೆದು, "ನಿಮಗೂ ಹಲ್ಲು ನೋವಾ?" ಎಂದರು. ಅವಳಿಗೆ ಅಳುವಿನ ನಡುವೆಯೂ ನಗು ಬಂತು.

ಇಳಿದಾಗ ಹಾಲಿನಲ್ಲಿ ಗಲಾಟೆಯೋ ಗಲಾಟೆ. ಇಳಿದವರೆಲ್ಲ ಮೈಕ್ ಮಾವನನ್ನು ಮುತ್ತಿಕೊಂಡಿದ್ದರು. ಮೈಕ್ ಮಾವನಿಗೆ ಸಾವಿರ ಜನಕ್ಕೆ ಒಟ್ಟಿಗೆ ಹೇಳಲು ಬರುತ್ತದೆ, ಒಬ್ಬೊಬ್ಬರಿಗೆ ಹೇಳಲು ಬರುವುದಿಲ್ಲ. ಬೆವರಿ ನೀರಾಗಿದ್ದರು.

ಅವಳು ಸೀರೆಯಲ್ಲೇ ಕೌಂಟರಿನ ಹಿಂದೆ ಹೋಗಿ ನಿಂತಳು. ವಿಮಾನ ಇಳಿಯದೆ ವಾಪಸ್ ಬಂದರೆ ಪ್ರಯಾಣಿಕರನ್ನು ಬಸ್ಸಿನಲ್ಲಿ ತಲುಪಿಸಬೇಕು, ಅದು ಕಂಪನಿಯ ಪದ್ಧತಿ. ಬಸ್ಸಿನವನಿಗೆ ಫೋನ್ ಮಾಡಿದಳು, ಬೆಳಗಾಗುತ್ತಿದ್ದಂತೆ ಹೊರಡುವುದೆಂದು ಗೊತ್ತುಮಾಡಿದಳು, ಕೂಗುವವರಿಗೆ ನೀರು ಕೊಟ್ಟಳು, ನೀರು ಕುಡಿದೂ ಕೂಗಿದವರಿಗೆ ಕುರ್ಚಿ ಕೊಟ್ಟಳು. ಹಲ್ಲಿನ ಡಾಕ್ಟರು ಬಂದು, "ನನ್ನ ಹೆಸರು ಬಸ್ಸಿಂದ ತೆಗೀರಿ. ಒಂಬತ್ತು ಗಂಟೆ ಕೂತರೆ ನನ್ನ ಬೆನ್ನು ಕೀಳೋಕೆ ಬೇರೆ ಡಾಕ್ಟ್ರು ಬೇಕಾಗುತ್ತೆ," ಎಂದು ಹೊರಟರು.

ಗದ್ದಲ ತುಸು ಇಳಿದ ಮೇಲೆ ತಲೆ ಎತ್ತಿದರೆ, ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು.

ಮನೆಯ ಚಪ್ಪಲಿ. ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಮಗಳದು. ಅವಳು ಎಷ್ಟು ಹೊತ್ತಿನಿಂದ ಹಾಗೆ ಕೂತು ತನ್ನನ್ನು ನೋಡುತ್ತಿದ್ದಳೋ.

"ಎಲ್ಲಿಗೆ ಹೋಗಿದ್ದೆ?" ಎಂದಳು ಅಮ್ಮ.

"ಎಲ್ಲಿಗೂ ಹೋಗಲಿಲ್ಲಮ್ಮ." ಎರಡು ಗಂಟೆ ಆಕಾಶದಲ್ಲಿದ್ದು ಬಂದವಳು ಹೇಳಿದ ಈ ಮಾತಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

ಆಗಿದ್ದು ಇಷ್ಟು. ಮಧ್ಯಾಹ್ನ ಅಮ್ಮ ಎಂದಿನಂತೆ ಫೋನ್ ಮಾಡಿದ್ದಳು. ಮೈಕ್ ಮಾವ ಎತ್ತಿ, ಮಗಳು ಬೆಟ್ಟದ ವಿಮಾನದಲ್ಲಿದ್ದಾಳೆ, ಮೋಡ ಕವಿದು ಇಳಿಯಲಾಗುತ್ತಿಲ್ಲ, ಮುಂದಿನ ಮಾಹಿತಿಗಾಗಿ ಕಾಯಿರಿ ಎಂದು ಅಚ್ಚುಕಟ್ಟಾಗಿ ಪ್ರಕಟಿಸಿಬಿಟ್ಟಿದ್ದರು. ಅಮ್ಮ ಕಾಯಲಿಲ್ಲ. ಸಿಕ್ಕ ಟ್ಯಾಕ್ಸಿ ಹತ್ತಿ ಬಂದುಬಿಟ್ಟಳು.

"ಎದೆ ನೋವು ಬರಲಿಲ್ವಾ ಅಮ್ಮ?" ಮಗಳು ಪಕ್ಕದಲ್ಲಿ ಕೂತು ಕೇಳಿದಳು. ಅದು ಕುಹಕವಾಗಿರಲಿಲ್ಲ.

ಅಮ್ಮ ಸ್ವಲ್ಪ ಯೋಚಿಸಿದಳು. "ಇಲ್ಲ ಕಣೆ. ಅದಕ್ಕೆ ಪುರುಸೊತ್ತೆಲ್ಲಿತ್ತು?" ಎಂದು, ತಾನು ಏನು ಹೇಳಿದೆ ಎಂಬುದು ತನಗೇ ಕೇಳಿಸಿದಂತೆ ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಆಮೇಲೆ ಅಮ್ಮ ಕೌಂಟರಿನ ಕಡೆ ಗಲ್ಲ ತೋರಿಸಿದಳು. "ಆ ಫೋನು ಬಡ್ಕೋತಾನೇ ಇತ್ತು. ನಿಮ್ಮ ಮಾವ ಹೊರಗೆ ಆಕಾಶ ನೋಡ್ತಾ ನಿಂತಿದ್ರು. ನಾನೇ ಎತ್ತಿದೆ. 'ಮಾವ, ತಿರುಗಿದ್ರಾ? ವಾಪಸ್ ಬಂದ್ರಾ?' ಅಂತ ಒಂದೇ ಸಮ ಕೇಳಿದ. 'ನಾನು ಮಾವ ಅಲ್ಲಪ್ಪ, ಅವಳ ಅಮ್ಮ' ಅಂದೆ. ಆ ಕಡೆ ಉಸಿರೇ ಇಲ್ಲ."

ಮಗಳಿಗೂ ಉಸಿರಿರಲಿಲ್ಲ. "ಆಮೇಲೆ?"

"ಆಮೇಲೇನು? ಅವನೂ ನಡುಗ್ತಿದ್ದ, ನಾನೂ ನಡುಗ್ತಿದ್ದೆ. ಇಡೋಕೆ ಇಬ್ಬರಿಗೂ ಧೈರ್ಯ ಬರಲಿಲ್ಲ. ವಿಮಾನ ಇಳಿಯೋ ತನಕ ಮಾತಾಡ್ತಾ ಕೂತ್ವಿ."

"ಏನು ಮಾತಾಡಿದ್ರಿ?"

"ನಿನ್ನ ವಿಷಯ. ನಮ್ಮಿಬ್ಬರಿಗೂ ಬೇರೆ ಏನಿದೆ?" ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನು ನಗೋಕೆ ಮುಂಚೆ ಉಸಿರು ಒಳಗೆ ಎಳ್ಕೊಳ್ತೀಯಂತೆ. ಹೌದೇನೇ? ಇಷ್ಟು ವರ್ಷ ಸಾಕಿದ್ದೀನಿ, ನಾನು ಗಮನಿಸೇ ಇರಲಿಲ್ಲ."

ಅವಳು ತಲೆ ತಗ್ಗಿಸಿದಳು. ಕಣ್ಣೀರು ಸೀರೆಯ ನೆರಿಗೆಯ ಮೇಲೆ ಬಿತ್ತು.

"ಎರಡು ವರ್ಷದಿಂದ ಇದೆಯಂತೆ. ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನಗೆ ನೋವು ಬರ್ತಿತ್ತು."

"ಬರ್ತಿತ್ತು," ಎಂದು ಅಮ್ಮ ಒಪ್ಪಿಕೊಂಡಳು. ಅವಳ ದನಿಗೆ ಎಲ್ಲಿಂದಲೋ ಉತ್ಸಾಹ ಬಂತು. "ಎಲ್ಲ ನಾನು ಯೋಚನೆ ಮಾಡಿ ಆಯ್ತು. ಇಲ್ಲಿಗೇ ಕೆಲಸ ಸಿಗುತ್ತಂತಲ್ಲ. ಬಂದುಬಿಡಪ್ಪ, ಮಹಡಿ ಮೇಲಿನ ಕೋಣೆ ಖಾಲಿ ಇದೆ ಅಂದಿದ್ದೀನಿ. ಮದುವೆ ಆಗಿ ಅಲ್ಲೇ ಇರಿ. ಒಂದೇ ಅಡುಗೆಮನೆ, ಒಂದೇ ಬಾಗಿಲು. ನೀನಂತೂ ಎಲ್ಲಿಗೂ ಹೋಗೋದು ಬೇಡ. ಇನ್ನು ವಿಮಾನದ ಸುದ್ದಿನೂ ಬೇಡ."

ಎರಡು ವರ್ಷ ಬೇಡಿಕೊಂಡ ವರ ಇದೇ ಅಲ್ಲವೇ? ಅವನು ಬರುತ್ತಾನೆ, ಅಮ್ಮ ಒಪ್ಪಿದ್ದಾಳೆ, ಕೋಣೆಯೂ ಇದೆ. ಕುಣಿದಾಡಬೇಕಾದವಳು ಕೂತಲ್ಲೇ ಕೂತಿದ್ದಳು. ಸೊಂಟದ ಸುತ್ತ ವಿಮಾನದ ಆ ಬೆಲ್ಟು ಇನ್ನೂ ಬಿಗಿದುಕೊಂಡೇ ಇದೆ ಅನಿಸುತ್ತಿತ್ತು. ಅಮ್ಮ ಅವಳ ಪಂಜರದ ಬಾಗಿಲು ತೆರೆದಿರಲಿಲ್ಲ. ಅವನನ್ನೂ ಒಳಗೆ ಕರೆದುಕೊಂಡು, ಪ್ರೀತಿಯಿಂದ ಚಿಲಕ ಹಾಕುತ್ತಿದ್ದಳು.

"ಬೆಳಗ್ಗೆ ಬಸ್ ಹೋಗುತ್ತಮ್ಮ," ಎಂದಳು. "ಒಂದು ಸೀಟು ಖಾಲಿ ಇದೆ. ನಾನು ಹೋಗ್ತೀನಿ."

"ಎಲ್ಲಿಗೆ? ಯಾಕೆ? ಅವನೇ ಬರ್ತಾನಲ್ಲ!"

"ಬರ್ತಾರೆ. ನೀನು ಕರೆದೆ ಅಂತ ಬರ್ತಾರೆ. ನಾನು ಇನ್ನೂ ಕರೆದಿಲ್ಲ."

"ಫೋನಲ್ಲಿ ಕರಿ."

"ಫೋನಲ್ಲಿ ನಾನು ಬರೀ ನಗ್ತೀನಿ ಅಮ್ಮ. ಎರಡು ವರ್ಷ ಅದನ್ನೇ ಮಾಡಿದ್ದೀನಿ."

"ಸರಿ, ಹಾಗಾದ್ರೆ ನಾನೂ ಬರ್ತೀನಿ. ನನಗೂ ಒಂದು ಸೀಟು ಹಾಕು."

ಇಲ್ಲಿ ಅವಳು ಸೋಲಬಹುದಿತ್ತು. ಪ್ರತಿ ಸಲ ಸೋತದ್ದು ಇಂಥ ಜಾಗದಲ್ಲೇ, ಅಮ್ಮನ ಕಣ್ಣು ಹೀಗೆ ದೊಡ್ಡದಾಗಿ ಮಗುವಿನಂತಾದಾಗ. ಅಮ್ಮನ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಲ್ಲಮ್ಮ. ನಾನೊಬ್ಬಳೇ ಹೋಗಬೇಕು. ಎರಡು ದಿನ ಬಿಟ್ಟು ವಾಪಸ್ ಬರ್ತೀನಿ."

"ನಿಮ್ಮಪ್ಪನೂ ಹಾಗೇ ಅಂದಿದ್ರು."

"ಗೊತ್ತು. ಅಪ್ಪ ಬರಲಿಲ್ಲ. ಹಾಗಂತ ನಾನು ಹೋಗದೇ ಇರೋಕಾಗಲ್ಲ ಅಮ್ಮ. ಬೆಟ್ಟದಲ್ಲಿ ಕಾಯ್ತಿರೋರ ಮೇಲೆ ನನಗೆ ಬಹಳ ಪ್ರೀತಿ ಇದೆ. ನಿನ್ನ ಮೇಲೂ ಇದೆ. ನೀನು ಹೀಗೆ ಹಿಡ್ಕೊಂಡ್ರೆ ಎರಡೂ ಉಳಿಯಲ್ಲ."

ಅಮ್ಮ ಜೋರಾಗಿ ಅಳಲಿಲ್ಲ, ಬೈಯಲೂ ಇಲ್ಲ. ಆಮೇಲೆ ಎದ್ದು, "ಚಪ್ಪಲಿ ಕೊಡು, ಒಂದು ಕಾಲು ಕಚ್ತಾ ಇದೆ," ಎಂದಳು. ಇಬ್ಬರೂ ಮನೆಗೆ ಹೋದರು. ಬೆಳಗ್ಗೆ ಅವಳು ಹೊರಟಾಗ ಅಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ. ಆದರೆ ಊಟದ ಡಬ್ಬಿ ಮೇಜಿನ ಮೇಲಿತ್ತು, ಮುಚ್ಚಳ ಬಿಗಿಯಾಗಿ ಹಾಕಿತ್ತು, ಇನ್ನೂ ಬಿಸಿ ಇತ್ತು.

ಒಂಬತ್ತು ಗಂಟೆ ಎಂದರೆ ಏನೆಂದು ಅವಳಿಗೆ ಆವತ್ತು ಮೈಯೆಲ್ಲ ತಿಳಿಯಿತು. ಬಸ್ಸು ಬೆಟ್ಟವನ್ನು ಒಂದು ಮಗ್ಗುಲಿಂದ ಹತ್ತಿ ಇನ್ನೊಂದು ಮಗ್ಗುಲಿಗೆ ಇಳಿಯುತ್ತಿತ್ತು, ಮತ್ತೆ ಇನ್ನೊಂದು ಬೆಟ್ಟ ಹಿಡಿಯುತ್ತಿತ್ತು. ಹಿಂದಿನ ಸೀಟಿನವರಿಗೆ ವಾಂತಿ, ಮುಂದಿನವರಿಗೆ ನಿದ್ದೆ. ಎರಡು ಸಲ ಮನೆಗೆ ಫೋನ್ ಮಾಡಿದಳು. ಮೊದಲ ಸಲ ಅಮ್ಮ ಎತ್ತಲಿಲ್ಲ. ಎರಡನೆಯ ಸಲ ಎತ್ತಿ, "ಊಟ ಮಾಡಿದ್ಯಾ?" ಎಂದಷ್ಟೇ ಕೇಳಿ ಇಟ್ಟಳು. ಅಪರಾಧಿ ಭಾವ ಎಲ್ಲಿಯೂ ಇಳಿದು ಹೋಗಲಿಲ್ಲ, ಪಕ್ಕದಲ್ಲೇ ಟಿಕೆಟ್ ತೆಗೆದುಕೊಂಡು ಕೂತಿತ್ತು. ಇವಳೂ ಇಳಿಯಲಿಲ್ಲ.

ಬಸ್ಸು ನಿಂತಾಗ ಅದೇ ಮೋಡ ಬೀದಿಯ ಮೇಲೆಲ್ಲ ಹಾಸಿಕೊಂಡಿತ್ತು. ಎಲ್ಲರೂ ಇಳಿದರು. ಅವಳು ಏಳಲು ಹೋದರೆ ಕಾಲು ಜೋಮು ಹಿಡಿದು ಮಾತು ಕೇಳಲಿಲ್ಲ. ಕೊನೆಗೆ ಕಂಬಿ ಹಿಡಿದುಕೊಂಡು ಕುಂಟುತ್ತ ಬಾಗಿಲಿಗೆ ಬಂದಳು.

ಬಸ್ಸಿನಲ್ಲಿ ಬಂದ ಪ್ರಯಾಣಿಕರನ್ನು ಇಳಿಸಿಕೊಳ್ಳಲು ಅವನು ಕೆಳಗೆ ನಿಂತಿದ್ದ. ಇಳಿದವರೆಲ್ಲ ಬೇರೆಯವರೇ ಎಂದು ನೋಡಿ ನೋಡಿ, ಇನ್ನೇನು ಬೆನ್ನು ತಿರುಗಿಸುವುದರಲ್ಲಿದ್ದ. ತಲೆಗೂದಲ ಮೇಲೆ ಸಣ್ಣ ಸಣ್ಣ ಹನಿ ಕೂತಿದ್ದವು. ಅವಳನ್ನು ಕಂಡು ಬಾಯಿ ತೆರೆದ, ಮುಚ್ಚಿದ. ಕಿವಿ ಮಾತ್ರ ಹಳೆಯ ಚಾಳಿ ಬಿಟ್ಟಿರಲಿಲ್ಲ.

"ಕೈ ಕೊಡ್ರೀ," ಎಂದಳು. "ಕಾಲು ಜೋಮು ಹಿಡಿದಿದೆ."

ಅವನು ಕೈ ಕೊಟ್ಟ. ಎರಡು ವರ್ಷದ ಮಾತಿಗೆ ಒಂದು ಮೈ ಇದೆ, ಅದು ಬೆಚ್ಚಗಿದೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಮೂರು ಮೆಟ್ಟಿಲು ಇಳಿದಳು.

"ನಿನ್ನೆ ನನ್ನ ತಲೆ ಮೇಲೇ ಸುತ್ತುತ್ತಿದ್ರಿ," ಎಂದ ಅವನು. "ಶಬ್ದ ಕೇಳಿಸ್ತಿತ್ತು. ಕಾಣ್ತಿರಲಿಲ್ಲ. ರನ್‌ವೇ ಪಕ್ಕ ನಿಂತು ಇಲ್ಲಿದ್ದೀನಿ ಅಂತ ಕೂಗಿದೆ. ಟವರಿನವರು ಬೈದ್ರು."

"ಸರಿಯಾಗೇ ಬೈದಿದ್ದಾರೆ."

"ಅಲ್ಲ, ಬಸ್ಸಲ್ಲಿ ಯಾಕೆ ಬಂದ್ರಿ ಮೇಡಂ? ನಿಮ್ಮಮ್ಮ ನನಗೆ ನಿನ್ನೇನೇ ಕೋಣೆ ಕೊಟ್ಟಾಯ್ತು."

"ಅದು ಅಮ್ಮನ ಮಾತು. ನನ್ನ ಮಾತು ಬೇರೆ ಇದೆ."

ಅವನ ಕೈ ಅವಳ ಕೈಯೊಳಗೆ ಒಮ್ಮೆಲೇ ಬಿಗಿಯಾಯಿತು. ಅವನು ಇನ್ನೂ ಹೆದರುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಅವಳು ಬೀದಿ, ಮೋಡ ಯಾವುದನ್ನೂ ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು.

"ಬನ್ನಿ," ಎಂದಳು. "ಆದ್ರೆ ಮಹಡಿ ಕೋಣೆಗಲ್ಲ. ಬೇರೆ ಮನೆ ಮಾಡೋಣ. ಅಮ್ಮನಿಗೆ ಹತ್ತಿರದಲ್ಲೇ. ಅವಳು ಅಳ್ತಾಳೆ, ನೋವು ಅಂತಾಳೆ, ನಾನೂ ಅಳ್ತೀನಿ. ಸುಲಭ ಏನಲ್ಲ. ಆದ್ರೂ ನಮ್ಮದೇ ಒಂದು ಬಾಗಿಲು ಬೇಕು ನನಗೆ. ತೆಗೆಯೋಕೂ ಹಾಕೋಕೂ ನಮ್ಮ ಕೈಗೆ ಸಿಗೋ ಹಾಗಿರಬೇಕು. ನೀವಿಲ್ಲದೆ ನನಗೆ ಆಗಲ್ಲ ಕಣ್ರೀ. ಇದನ್ನ ಹೇಳೋಕೆ ಇಷ್ಟು ದೂರ ಬಂದೆ."

ಅವನು ತುಟಿ ಕಚ್ಚಿಕೊಂಡು ತಲೆ ಆಡಿಸಿದ, ಒಂದು ಸಲವಲ್ಲ, ನಾಲ್ಕೈದು ಸಲ. ಹಿಂದೆ ಬಸ್ಸಿನವನು ದಾರಿ ಬಿಡಿ ಎಂದು ಹಾರ್ನ್ ಹೊಡೆದ. ಇಬ್ಬರೂ ಪಕ್ಕಕ್ಕೆ ಸರಿದು ನಡೆಯತೊಡಗಿದರು. ಅವಳ ಕುಂಟು ಎರಡು ಹೆಜ್ಜೆಗೇ ನಿಂತುಹೋಗಿತ್ತು.

"ಕಾಲು ಸರಿ ಹೋಯ್ತಲ್ಲ," ಎಂದ ಅವನು, ಹಿಡಿದ ಕೈಯನ್ನು ನೋಡುತ್ತ. "ಬಿಡ್ಲಾ?"

"ಬೇಡ," ಎಂದಳು ಅವಳು. "ಇರಲಿ."